ಕೊಂಬಿನ ಹಿಡಿಯ ಚೂರಿ

ಕೊಂಬಿನ ಹಿಡಿಯ ಚೂರಿ ಎಂದರೆ ಕುಲುಮೆಯಲ್ಲಿ ಕಾಯಿಸಿ ಬಡಿದು ರೂಪಿಸಿದ ಉಕ್ಕಿನ ಅಲಗಿಗೆ ಜಿಂಕೆ ಅಥವಾ ಕಡವೆಯ ಕೊಂಬನ್ನು ಹಿಡಿಯಾಗಿ ಜೋಡಿಸಿದ, ದಿನಬಳಕೆಯ ಸಣ್ಣ ಕತ್ತಿ. ಅಲಗನ್ನು ಮಾಡುವ ವಿದ್ಯೆ ಮೈಸೂರು ಸೀಮೆಯ ಕಮ್ಮಾರಿಕೆಯಲ್ಲಿ ಇಂದಿಗೂ ಉಳಿದಿದೆ. ಕೊಂಬಿನ ಬಳಕೆ ಮಾತ್ರ ಭಾರತದಲ್ಲಿ ಕಾನೂನಿನ ನಿರ್ಬಂಧಕ್ಕೆ ಒಳಪಟ್ಟಿದೆ.

ಹಿನ್ನೆಲೆ

ಹಳೆಯ ಗ್ರಾಮವ್ಯವಸ್ಥೆಯಲ್ಲಿ ಕಮ್ಮಾರನು ಆಯಗಾರರಲ್ಲಿ ಒಬ್ಬನಾಗಿದ್ದನು. ನೇಗಿಲಿನ ಗುಳ, ಕುಡುಗೋಲು, ಮಚ್ಚುಗಳನ್ನು ಮಾಡಿಕೊಟ್ಟು ಸುಗ್ಗಿಯಲ್ಲಿ ಧಾನ್ಯವನ್ನು ಆಯವಾಗಿ ಪಡೆಯುತ್ತಿದ್ದನು. ಮೈಸೂರು ಸೀಮೆಯಲ್ಲಿ ಕಬ್ಬಿಣ ಕರಗಿಸಿ ಉಕ್ಕು ಮಾಡುತ್ತಿದ್ದ ಬಗೆಯನ್ನು ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ವಿವರಿಸಿದ್ದಾನೆ. ಪಾಶ್ಚಾತ್ಯರು ಬಳಸಿದ 'ವೂಟ್ಜ್' ಎಂಬ ಹೆಸರು ಕನ್ನಡದ 'ಉಕ್ಕು' ಪದದಿಂದ ಬಂದಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಅಲಗಿನ ತಯಾರಿಕೆ

ಈಗ ಕುಲುಮೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿ. ಇದರಲ್ಲಿ ಸುಮಾರು ಶೇ. 0.5ರಿಂದ 0.6ರಷ್ಟು ಇಂಗಾಲವಿರುವುದರಿಂದ ಹದ ಹಿಡಿಯುತ್ತದೆ. ಕಟ್ಟಡದ ಸಾಧಾರಣ ಮೆದು ಕಬ್ಬಿಣವನ್ನು ಎಷ್ಟು ಬಡಿದರೂ ಅದು ಅಲಗಾಗದು. ಇದ್ದಿಲ ಬೆಂಕಿಗೆ ತಿದಿಯಿಂದ ಗಾಳಿಯೂದಿ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಾರೆ. ಮೊದಲು ಮೊನೆ, ಅನಂತರ ಬಾಯಿಯ ಇಳಿಜಾರು, ಕೊನೆಗೆ ಹಿಡಿಯೊಳಗೆ ಸೇರುವ ಸಪೂರ ಬಾಲ ರೂಪುಗೊಳ್ಳುತ್ತವೆ. ಕೆಂಪು ಮಾಸಿದ ಮೇಲೂ ಬಡಿದರೆ ಉಕ್ಕು ಬಿರುಕು ಬಿಡುತ್ತದೆ. ಬೆಳ್ಳಗೆ ಕಿಡಿ ಹಾರುವಷ್ಟು ಕಾಯಿಸಿದರೆ ಸುಟ್ಟುಹೋಗುತ್ತದೆ.

ಚೂರಿಯ ಗುಣವನ್ನು ನಿರ್ಧರಿಸುವುದು ಹದ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಹೆಚ್ಚು ಕಾಯಿಸಿ ಎಣ್ಣೆಯಲ್ಲಿ ಅದ್ದಿದಾಗ ಅಲಗು ಗಡುಸಾಗುತ್ತದೆ, ಜೊತೆಗೆ ಗಾಜಿನಂತೆ ಬಿರುಸೂ ಆಗುತ್ತದೆ. ಆದ್ದರಿಂದ ಮೇಲ್ಮೈಯನ್ನು ಉಜ್ಜಿ ಹೊಳಪು ತಂದು, ಮತ್ತೆ ಹಗುರವಾಗಿ ಕಾಯಿಸಿ ಬಣ್ಣವನ್ನು ಗಮನಿಸುತ್ತಾರೆ. ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, 255ರ ಹೊತ್ತಿಗೆ ಕಂದು, 300ರ ಸುಮಾರಿಗೆ ನೀಲಿ ಬಣ್ಣ ಮೂಡುತ್ತದೆ. ಹಳದಿಗೂ ಕಂದಿಗೂ ನಡುವೆ ನಿಲ್ಲಿಸಿದರೆ ಬಾಯಿ ಬಾಳುತ್ತದೆ. ನೀಲಿಗೆ ಹೋದ ಬಾಯಿ ಮುರಿಯದು, ಆದರೆ ಬೇಗ ಮೊಂಡಾಗುತ್ತದೆ. ನೆರಳಿನಲ್ಲಿ ಮಾತ್ರ ಈ ಬಣ್ಣಗಳು ಸರಿಯಾಗಿ ಕಾಣುವುದರಿಂದ ಕುಲುಮೆಯ ಮಾಡು ಕತ್ತಲಾಗಿರುವುದಕ್ಕೆ ಅರ್ಥವಿದೆ.

ಹಿಡಿ

ದನ, ಎಮ್ಮೆಗಳ ಕೊಂಬು ಉಗುರಿನ ಜಾತಿಯ ಪೊಳ್ಳು ಕವಚ. ಜಿಂಕೆಯ ಕೊಂಬು ಹಾಗಲ್ಲ. ಅದು ಪ್ರತಿ ಬಾರಿ ಉದುರಿ ಮತ್ತೆ ಬೆಳೆಯುವ ಮೂಳೆ. ಹೊರಪದರ ಗಟ್ಟಿ, ಒಳತಿರುಳು ರಂಧ್ರಮಯ. ಆ ತಿರುಳಿನಲ್ಲಿ ತೂತು ಕೊರೆದು ಬಾಲವನ್ನು ಸೇರಿಸಿ, ಅರಗು ಅಥವಾ ಇತರ ಅಂಟಿನಿಂದ ಭದ್ರಪಡಿಸಲಾಗುತ್ತದೆ. ಒರಟು ಮೇಲ್ಮೈಯಿಂದಾಗಿ ಒದ್ದೆ ಕೈಯಿಂದಲೂ ಇದು ಜಾರುವುದಿಲ್ಲ. ಭಾರತದ ಕಡವೆ ಕೊಂಬು ಒಂದು ಕಾಲಕ್ಕೆ ಇಂಗ್ಲೆಂಡಿನ ಶೆಫೀಲ್ಡ್‌ನಂತಹ ಚಾಕು ತಯಾರಿಕಾ ಕೇಂದ್ರಗಳಿಗೆ ರಫ್ತಾಗುತ್ತಿತ್ತು. ರಫ್ತು ನಿಷೇಧದ ಬಳಿಕ ಅದು ಅಲ್ಲಿ ವಿರಳವಾಯಿತು.

ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಪ್ರಾಣಿಯ ಕೊಂಬನ್ನು 'ಟ್ರೋಫಿ'ಯ ವ್ಯಾಖ್ಯೆಯಲ್ಲಿ ಸೇರಿಸಿದೆ. ತಾನಾಗಿ ಉದುರಿದ ಕೊಂಬನ್ನು ಆಯ್ದುಕೊಂಡರೆ ತಪ್ಪಿಲ್ಲವೆಂಬ ನಂಬಿಕೆ ಹಳ್ಳಿಗಳಲ್ಲಿ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ಕವಲಂದೆ ಹೋಬಳಿಯಿರುವ ನಂಜನಗೂಡು ತಾಲ್ಲೂಕು ಹೆಡಿಯಾಲದ ಕಡೆ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿಕೊಂಡಿರುವುದರಿಂದ ಇಲ್ಲಿನವರಿಗೆ ಇದು ದೂರದ ಮಾತಲ್ಲ. ಹಿಡಿಗೆ ಜಾಲಿ, ಬೀಟೆ ಅಥವಾ ಹುಣಸೆಯ ಮರವನ್ನು ಬಳಸಬಹುದು. ಹೊಲದ ಕೆಲಸಕ್ಕೆ ಚೆನ್ನಾಗಿ ಒಣಗಿದ ಜಾಲಿಯ ಹಿಡಿ ಕೊಂಬಿಗೇನೂ ಕಡಿಮೆಯಲ್ಲ, ಸವೆದಾಗ ಬದಲಿಸುವುದೂ ಸುಲಭ.