ತುಮಕೂರು ಸೀಮೆಯಲ್ಲಿ ಸ್ನಾತಕೋತ್ತರ ವಿದ್ಯೆ: ಸ್ಥಳ ಮತ್ತು ಕಾಲ

ಉನ್ನತ ವಿದ್ಯೆಯು ಒಂದು ಸೀಮೆಯಲ್ಲಿ ನೆಲೆಗೊಂಡ ಬಗೆಯನ್ನು ತಿಳಿಯಲು ಅಲ್ಲಿಯ ವಿದ್ವಾಂಸರ ಹೆಸರುಗಳನ್ನು ಎಣಿಸಿದರೆ ಸಾಲದು. ಆ ವಿದ್ಯೆ ಎಲ್ಲಿ ದೊರೆಯಿತು, ದಿನದ ಯಾವ ವೇಳೆಯಲ್ಲಿ ದೊರೆಯಿತು ಎಂಬುದನ್ನೂ ವಿಚಾರಿಸಬೇಕು. ತುಮಕೂರು ಸೀಮೆಯು ಇದಕ್ಕೆ ತಕ್ಕ ನಿದರ್ಶನ.

ಈ ಸೀಮೆಗೆ ಪಾಂಡಿತ್ಯವು ಹೊಸತಲ್ಲ. ಹದಿನಾರನೆಯ ಶತಮಾನದಲ್ಲಿ ‘ಭಾವಚಿಂತಾರತ್ನ’ವನ್ನು ರಚಿಸಿದ ಮಲ್ಲಣಾರ್ಯನು ಗುಬ್ಬಿಯವನು. 1917ರಲ್ಲಿ ಶ್ರೀ ಉದ್ದಾನ ಶಿವಯೋಗಿಗಳು ಸಿದ್ಧಗಂಗೆಯಲ್ಲಿ ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದರು. ವಿಶ್ವವಿದ್ಯಾನಿಲಯದ ಉಚ್ಚ ಪದವಿಯ ಮಾತಾದರೋ ಬೇರೆ. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಗಿ, 1927ರಲ್ಲಿ ಅಲ್ಲಿ ಕನ್ನಡ ಎಂ.ಎ. ತರಗತಿಯು ಮೊದಲಾಯಿತು. ಕನ್ನಡದ ಉನ್ನತ ವ್ಯಾಸಂಗಕ್ಕೆ ದುಡಿದ ಬಿ.ಎಂ. ಶ್ರೀಕಂಠಯ್ಯನವರು ಜನಿಸಿದುದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಆ ತರಗತಿಯ ಮೊದಲ ತಂಡದ ಡಿ.ಎಲ್. ನರಸಿಂಹಾಚಾರ್ಯರು ಚಿಕ್ಕನಾಯಕನಹಳ್ಳಿಯಲ್ಲಿ, ತೀ.ನಂ. ಶ್ರೀಕಂಠಯ್ಯನವರು ಅದೇ ತಾಲ್ಲೂಕಿನ ತೀರ್ಥಪುರದಲ್ಲಿ. ಅಧ್ಯಾಪಕರನ್ನಿತ್ತ ಜಿಲ್ಲೆಯೇ ವಿದ್ಯಾರ್ಥಿಗಳನ್ನು ಪರಸ್ಥಳಕ್ಕೆ ಕಳುಹಬೇಕಾಯಿತು.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ಏರ್ಪಟ್ಟಿತು. ತರುವಾಯ ತುಮಕೂರಿನ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರಿದವು. ದೂರವು ಕಡಮೆಯಾಯಿತು, ಆದರೂ ಸುಮಾರು 70 ಕಿಲೋಮೀಟರು ಉಳಿಯಿತು. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜುಗಳು ಅದರ ಸ್ವಂತ ಕಾಲೇಜುಗಳಾದವು. ಸ್ನಾತಕೋತ್ತರ ವ್ಯಾಸಂಗಕ್ಕೆ ಊರಿನಲ್ಲಿಯೇ ಪೀಠವು ದೊರೆಯಿತು.

ಸ್ಥಳದ ತೊಡಕು ಹೀಗೆ ಬಹುಮಟ್ಟಿಗೆ ಪರಿಹಾರವಾಯಿತು. ಕಾಲದ ತೊಡಕು ಹಾಗಲ್ಲ. ಧರ್ಮಶಾಸ್ತ್ರವು ಕೆಲವು ತಿಥಿಗಳ ಪ್ರದೋಷಕಾಲವನ್ನು ವೇದಾಧ್ಯಯನಕ್ಕೆ ಅನಧ್ಯಾಯವೆಂದು ವಿಧಿಸಿತು. ಹಗಲೆಲ್ಲ ಗುಮಾಸ್ತಗಿರಿಯಲ್ಲೋ ಪ್ರಾಥಮಿಕ ಶಾಲೆಯ ಉಪಾಧ್ಯಾಯತನದಲ್ಲೋ ಕಳೆಯುವವನಿಗಾದರೋ ಆ ಸಂಜೆಯೊಂದೇ ಅಧ್ಯಯನಕಾಲ. ಸಂಜೆಯ ತರಗತಿಯ ಅರ್ಥವು ಇದೇ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣವು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಅದೂ ಇಂಥವರ ಪಾಲಿಗೆ ಒದಗಿದ ದಾರಿಯೇ. ಆದರೆ ಕಾಗದದಲ್ಲಿ ಬರುವ ಪಾಠವು ಗುರುಮುಖದ ಪಾಠಕ್ಕೆ ಸಮನಾಗದು. ಹಳಗನ್ನಡದ ಪದ್ಯವನ್ನು ಅನ್ವಯಿಸುವುದು ಎದುರು ಕುಳಿತೇ ಕಲಿಯತಕ್ಕ ವಿದ್ಯೆ.

ಸಂಜೆಯ ಪಾಠಕ್ಕೆ ದಾರಿಯೂ ಅಗತ್ಯ. ಗುಬ್ಬಿಯು ತುಮಕೂರಿಗೆ ಸುಮಾರು 20 ಕಿಲೋಮೀಟರು. ರೈಲು ಅಲ್ಲಿಗೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದಿತು. ಕುಣಿಗಲ್ಲಿಗೆ ಅದು ಬಂದುದು 2017ರಲ್ಲಿ, ಅದೂ ಬೆಂಗಳೂರು–ಹಾಸನದ ಮಾರ್ಗವಾಗಿ. ತುಮಕೂರಿಗೆ ಹೋಗುವವನಿಗೆ ಬಸ್ಸೇ ಗತಿ. ಪಾಠವು ಮುಗಿದ ಮೇಲೆ ಮನೆ ಸೇರಲು ವಾಹನವಿಲ್ಲದಿದ್ದರೆ ತೆರೆದ ತರಗತಿಯೂ ಅವನ ಪಾಲಿಗೆ ಮುಚ್ಚಿದಂತೆಯೇ. ಆದುದರಿಂದ ಇಲ್ಲಿಯ ವಿದ್ಯಾಚರಿತ್ರೆಯನ್ನು ಬರೆಯುವವರು ಪದವೀಧರರ ಪಟ್ಟಿಯೊಡನೆ ಗಡಿಯಾರವನ್ನೂ ಹಾದಿಯನ್ನೂ ಗಣನೆಗೆ ತರುವುದು ಯುಕ್ತ.