ಕ್ಯಾಮೆರಾದಿಂದ ದೂರ ಸರಿದ ಬೆಳಕು

ಹಳೆಯ ಪತ್ರಿಕಾ ಛಾಯಾಚಿತ್ರಗಳನ್ನು ಗಮನಿಸಿ. ಕೆಲವದರಲ್ಲಿ ಮುಖ ಸುಣ್ಣ ಬಳಿದಂತೆ ಬಿಳಿಚಿಕೊಂಡಿರುತ್ತದೆ. ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಬಿದ್ದಿರುತ್ತದೆ. ಇನ್ನು ಕೆಲವದರಲ್ಲಿ ಕೆನ್ನೆಯ ಉಬ್ಬು, ಹಣೆಯ ಗೆರೆಗಳು ಎದ್ದು ಕಾಣುತ್ತವೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ, ಫ್ಲಾಷ್ ಎಲ್ಲಿತ್ತು ಎಂಬುದು.

ಮೊದಲು ಛಾಯಾಗ್ರಾಹಕರು ಮೆಗ್ನೀಸಿಯಂ ಪುಡಿ ಉರಿಸುತ್ತಿದ್ದರು. ಹೊಗೆಯ ಕಾಟ, ಬೆಂಕಿಯ ಭಯ ಎರಡೂ ಇದ್ದವು. 1929ರಲ್ಲಿ ಜರ್ಮನಿಯಲ್ಲಿ ಫ್ಲಾಷ್ ಬಲ್ಬ್ ಮಾರುಕಟ್ಟೆಗೆ ಬಂತು. ಗಾಜಿನೊಳಗಿನ ಆಮ್ಲಜನಕದಲ್ಲಿ ಲೋಹದ ತೆಳು ಹಾಳೆ ಕ್ಷಣಮಾತ್ರ ಉರಿಯುತ್ತಿತ್ತು. ಒಂದು ಬಲ್ಬಿಗೆ ಒಂದೇ ಚಿತ್ರ. ನ್ಯೂಯಾರ್ಕಿನ ರಾತ್ರಿಗಳನ್ನು ಸೆರೆಹಿಡಿದ ವೀಜೀ, ಕ್ಯಾಮೆರಾವನ್ನು 10 ಅಡಿ ದೂರಕ್ಕೆ ಮೊದಲೇ ಹೊಂದಿಸಿಟ್ಟುಕೊಳ್ಳುತ್ತಿದ್ದ. ಬಲ್ಬ್ ಕ್ಯಾಮೆರಾಕ್ಕೇ ಅಂಟಿಕೊಂಡಿದ್ದರಿಂದ ಒಂದೇ ಅಳತೆ ಸಾಕಾಗುತ್ತಿತ್ತು.

1932ರಲ್ಲಿ ಲೈಕಾ 2 ಬಂದಾಗ ದೂರ ಅಳೆಯುವ ಸಾಧನ, ಅಂದರೆ ರೇಂಜ್‌ಫೈಂಡರ್, ಕ್ಯಾಮೆರಾದೊಳಗೇ ಸೇರಿತು. ಕಿಟಕಿಯಲ್ಲಿ ಕಾಣುವ ಎರಡು ಬಿಂಬಗಳು ಒಂದಾಗುವವರೆಗೆ ಲೆನ್ಸ್ ತಿರುಗಿಸಿದರೆ ದೂರವೆಷ್ಟೆಂದು ಲೆನ್ಸಿನ ಮೇಲೆಯೇ ಓದಬಹುದು. ಫ್ಲಾಷಿನ ಗೈಡ್ ನಂಬರನ್ನು ಈ ದೂರದಿಂದ ಭಾಗಿಸಿದರೆ ಲೆನ್ಸಿನ ಕಿಂಡಿ ಎಷ್ಟಿರಬೇಕೆಂದು ತಿಳಿಯುತ್ತದೆ. ಗೈಡ್ ನಂಬರ್ 32, ದೂರ 4 ಮೀಟರ್ ಎಂದಾದರೆ ಎಫ್ 8.

ಫ್ಲಾಷನ್ನು ತಂತಿಯ ತುದಿಯಲ್ಲಿ ಹಿಡಿದು ಪಕ್ಕಕ್ಕೆ ಚಾಚಿದಾಗ ಈ ಸುಲಭ ಲೆಕ್ಕ ಕೈಕೊಡುತ್ತದೆ. ಕ್ಯಾಮೆರಾ 4 ಮೀಟರ್ ದೂರದಲ್ಲೇ ಇದ್ದು, ಸಹಾಯಕನ ಕೈಯಲ್ಲಿರುವ ಫ್ಲಾಷ್ 2 ಮೀಟರಿಗೆ ಹತ್ತಿರ ಬಂದರೆ ಬೇಕಾಗುವುದು ಎಫ್ 16. ಅರ್ಧ ದೂರಕ್ಕೆ ಬೆಳಕು ನಾಲ್ಕು ಪಟ್ಟು! ಫೋಕಸ್ ಮಾಡಲು ಕ್ಯಾಮೆರಾದ ದೂರ, ಕಿಂಡಿಯ ಲೆಕ್ಕಕ್ಕೆ ದೀಪದ ದೂರ. ಇವೆರಡನ್ನು ಗೊಂದಲ ಮಾಡಿಕೊಂಡರೆ ನೆಗೆಟಿವ್ ದಟ್ಟವಾಗುತ್ತಿತ್ತು. ಕಲರ್ ಸ್ಲೈಡ್ ಆಗಿದ್ದರಂತೂ ಮುಖದ ವಿವರವೇ ಅಳಿಸಿಹೋಗುತ್ತಿತ್ತು. ಅದು ಗೊತ್ತಾಗುತ್ತಿದ್ದುದು ಫಿಲ್ಮ್ ತೊಳೆದ ಮೇಲೆ. ಅಷ್ಟರಲ್ಲಿ ಮದುವೆಯೋ ಸಭೆಯೋ ಮುಗಿದೇ ಹೋಗಿರುತ್ತಿತ್ತು.

ವೇಗದ ಕಟ್ಟುಪಾಡೂ ಇತ್ತು. 1954ರ ಲೈಕಾ ಎಂ3ರಲ್ಲಿ ಫಿಲ್ಮಿನ ಮುಂದೆ ಎರಡು ಬಟ್ಟೆಯ ಪರದೆಗಳು ಸರಿಯುತ್ತಿದ್ದವು. ಎಲೆಕ್ಟ್ರಾನಿಕ್ ಫ್ಲಾಷ್ ಬಳಸುವಾಗ ಸೆಕೆಂಡಿನ 50ನೇ ಒಂದು ಭಾಗಕ್ಕಿಂತ ವೇಗ ಹೆಚ್ಚಿದರೆ, ಮೊದಲ ಪರದೆ ಪೂರ್ತಿ ತೆರೆಯುವ ಮುನ್ನವೇ ಎರಡನೆಯದು ಹೊರಡುತ್ತಿತ್ತು. ಆಗ ಚಿತ್ರದ ಒಂದು ಪಟ್ಟಿಗೆ ಮಾತ್ರ ಬೆಳಕು. ನಿಧಾನವಾಗಿ ಹೊತ್ತಿಕೊಳ್ಳುವ ಬಲ್ಬಿಗೂ, ಥಟ್ಟನೆ ಮಿನುಗುವ ಎಲೆಕ್ಟ್ರಾನಿಕ್ ಫ್ಲಾಷಿಗೂ ಅದರಲ್ಲಿ ಬೇರೆಬೇರೆ ಸಾಕೆಟ್‌ಗಳಿದ್ದುದು ಇದೇ ಹೊಂದಾಣಿಕೆಗಾಗಿ.

ಇಂಥ ಕ್ಯಾಮೆರಾಗಳಲ್ಲಿ ಒಂದು ಅನುಕೂಲವೂ ಉಂಟು. ಕನ್ನಡಿಯುಳ್ಳ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಕ್ಲಿಕ್ಕಿಸುವ ಕ್ಷಣ ನೋಟ ಮರೆಯಾಗುತ್ತದೆ. ರೇಂಜ್‌ಫೈಂಡರ್ ಕಿಟಕಿ ತೆರೆದೇ ಇರುವುದರಿಂದ ಫ್ಲಾಷ್ ಮಿನುಗಿತೋ ಇಲ್ಲವೋ ಎಂಬುದನ್ನು ಕಣ್ಣಾರೆ ಕಾಣಬಹುದು.

ಈಗ ಮೊಬೈಲ್ ಫೋನಿನಲ್ಲಿ ದೀಪ ಮತ್ತೆ ಲೆನ್ಸಿನ ಮಗ್ಗುಲಿಗೇ ಬಂದು ಕೂತಿದೆ. ಲೆಕ್ಕವನ್ನು ಯಂತ್ರವೇ ಮಾಡುತ್ತದೆ. ಆದರೆ ಮುಖ ಚಪ್ಪಟೆಯಾಗಿ ಕಾಣಬಾರದೆಂದರೆ, ಬೆಳಕನ್ನು ಪಕ್ಕಕ್ಕೆ ಸರಿಸಲು ಇಂದಿಗೂ ಒಂದು ಕೈ ಬೇಕು.