ಹೆಸರಿನಲ್ಲಿ ಜ್ಞ-ಕಾರ: ಬರಹ, ಉಚ್ಚಾರಣೆ ಮತ್ತು ಲಿಪ್ಯಂತರದ ಚರಿತ್ರೆ

ಮಗಳಿಗೆ ‘ಪ್ರಜ್ಞಾ’ ಎಂದು ಹೆಸರಿಡುವ ಕನ್ನಡದ ತಂದೆತಾಯಿಗಳು ಅದನ್ನು ಕನ್ನಡದಲ್ಲಿ ಬರೆಯುವಾಗ ತಡವರಿಸುವುದಿಲ್ಲ. ಅದೇ ಹೆಸರನ್ನು ರೋಮನ್ ಅಕ್ಷರಗಳಲ್ಲಿ ತುಂಬಬೇಕಾದ ಕಾಲಂ ಎದುರಾದಾಗ ಚರ್ಚೆ ಆರಂಭವಾಗುತ್ತದೆ. ನಡುವಿನ ಒತ್ತಕ್ಷರಕ್ಕೆ ಜೆ-ಎನ್ ಎಂದು ಬರೆದರೆ ಹೊರಗಿನವರು ‘ಪ್ರಜ್‌ನಾ’ ಎಂದು ಓದುತ್ತಾರೆ. ಜಿ-ಎನ್ ಎಂದರೆ ಕನ್ನಡಿಗರ ಕಿವಿಗೆ ಸರಿಯೆನಿಸುತ್ತದೆ, ಸಂಸ್ಕೃತ ಬಲ್ಲವರ ಕಣ್ಣಿಗೆ ತಪ್ಪೆನಿಸುತ್ತದೆ. ಜಿ-ವೈ ಎಂದರೆ ಹೆಸರು ಹಿಂದಿಯದಾಗುತ್ತದೆ. ಡಿ-ಎನ್-ವೈ ಎಂದರೆ ಮರಾಠಿಯದಾಗುತ್ತದೆ. ಈ ಗೊಂದಲಕ್ಕೆ ನಮ್ಮಲ್ಲಿ ಸಿದ್ಧವಾದ ಸಮಾಧಾನವೊಂದಿದೆ: ನಮ್ಮ ಲಿಪಿ ನುಡಿದಂತೆ ಬರೆಯುವ, ಬರೆದಂತೆ ಓದುವ ಲಿಪಿ, ದೋಷವೇನಿದ್ದರೂ ರೋಮನ್ ಲಿಪಿಯದು. ಈ ಸಮಾಧಾನವನ್ನು ನಾವು ಒಪ್ಪುವುದಿಲ್ಲ. ಜ್ಞ-ಕಾರದ ಬರಹಕ್ಕೂ ಉಚ್ಚಾರಣೆಗೂ ನಡುವಿನ ಬಿರುಕು ರೋಮನ್ ಲಿಪಿ ಭಾರತಕ್ಕೆ ಬರುವುದಕ್ಕಿಂತ ಬಹಳ ಹಿಂದಿನದು. ಭಾರತೀಯ ಲಿಪಿಗಳು ಅದನ್ನು ಮುಚ್ಚಿಟ್ಟಿದ್ದವು, ರೋಮನ್ ಲಿಪಿ ಬಯಲಿಗೆ ತಂದಿತು ಎಂಬುದು ನಮ್ಮ ವಾದ.

ಮೊದಲಿಗೆ ಅಕ್ಷರದ ರೂಪವನ್ನೇ ನೋಡೋಣ. ದೇವನಾಗರಿಯಲ್ಲಿ ಈ ಸಂಯುಕ್ತಾಕ್ಷರ ಒಂದು ಸ್ವತಂತ್ರ ಆಕೃತಿ. ಅದರೊಳಗೆ ಜ-ಕಾರವಾಗಲಿ ಞ-ಕಾರವಾಗಲಿ ಓದುಗನಿಗೆ ಕಾಣುವುದಿಲ್ಲ. ಆದ್ದರಿಂದ ಹಿಂದಿ ಬಲ್ಲವರು ಅದನ್ನು ‘ಗ್ಯ’ ಎಂದು ಓದುವುದಕ್ಕೆ ಅಕ್ಷರದ ಅಪಾರದರ್ಶಕತೆಯೇ ಕಾರಣವೆಂದು ಹೇಳಲು ಮನಸ್ಸಾಗುತ್ತದೆ. ಆದರೆ ಕನ್ನಡದ ‘ಜ್ಞ’ ಪೂರ್ಣ ಪಾರದರ್ಶಕ: ಮೇಲೆ ಜ, ಕೆಳಗೆ ಞ-ಕಾರದ ಒತ್ತು. ಕಣ್ಣೆದುರಿಗೆ ಜ-ಕಾರವಿದ್ದೂ ಕನ್ನಡಿಗರಲ್ಲಿ ಬಹುಪಾಲು ಜನ ‘ಗ್ನ’ ಅಥವಾ ‘ಗ್ಞ’ ಎನ್ನುತ್ತಾರೆ. ‘ಆಜ್ಞೆ’ ಎಂಬ ಪದದ ಮೊದಲೆರಡು ಅಕ್ಷರಗಳೂ ‘ಆಗ್ನೇಯ’ದ ಮೊದಲೆರಡು ಅಕ್ಷರಗಳೂ ಅನೇಕರ ಬಾಯಲ್ಲಿ ಹೆಚ್ಚುಕಡಿಮೆ ಒಂದೇ. ಕಾರಣ ಆಕೃತಿಯಲ್ಲಿಲ್ಲವೆಂಬುದಕ್ಕೆ ಇಷ್ಟು ಸಾಕು. ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ವರ್ಣಮಾಲೆಯಲ್ಲಿ ಕಲಿಸುವ ಞ-ಕಾರಕ್ಕೆ ಇಂದಿನ ಕನ್ನಡ ಬರಹದಲ್ಲಿ ಬೇರೆ ನೆಲೆಯೇ ಇಲ್ಲವೆನ್ನಬಹುದು. ಚ-ವರ್ಗದ ಹಿಂದೆ ಅದು ಅನುಸ್ವಾರವಾಗಿ ಕರಗಿದೆ, ‘ಯಾಚ್ಞೆ’ಯಂಥ ಅಪರೂಪದ ಪದಗಳನ್ನು ಬಿಟ್ಟರೆ ಉಳಿದಿರುವುದು ಜ್ಞ-ಕಾರವೊಂದೇ. ಬೇರೆಲ್ಲೂ ಕೇಳದ ಧ್ವನಿಯನ್ನು ಒಂದೇ ಒಂದು ಒತ್ತಕ್ಷರದಲ್ಲಿ ಸರಿಯಾಗಿ ನುಡಿಯಬೇಕೆಂದು ಲಿಪಿ ಓದುಗನನ್ನು ಕೇಳುತ್ತಿದೆ.

‘ಜ್ಞಾ’ ಧಾತುವಿನ ಪೂರ್ವಚರಿತ್ರೆ ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಲ್ಯಾಟಿನ್, ಗ್ರೀಕ್ ಭಾಷೆಗಳಲ್ಲಿ ‘ಅರಿ’ ಎಂಬರ್ಥದ ಸಹಜಾತ ಪದಗಳಲ್ಲಿ ಗ-ಕಾರವಿದೆ. ಇಂಗ್ಲಿಷಿನಲ್ಲಿ ಅದು ಕ-ಕಾರವಾಗಿ, ಬರಹದಲ್ಲಿ ಮಾತ್ರ ಉಳಿದು, ಉಚ್ಚಾರಣೆಯಲ್ಲಿ ಬಿದ್ದುಹೋಗಿದೆ. ಇದನ್ನು ಕಂಡು ಕನ್ನಡದ ‘ಗ್ನಾನ’ದಲ್ಲಿ ಮೂಲಭಾಷೆಯ ಗ-ಕಾರ ಉಳಿದುಬಂದಿದೆಯೆಂದು ಊಹಿಸುವವರಿದ್ದಾರೆ. ಆ ಊಹೆಗೆ ಆಧಾರವಿಲ್ಲ. ಇಂಡೋ-ಇರಾನಿಯನ್ ಹಂತದಲ್ಲೇ ಆ ಧ್ವನಿ ತಾಲವ್ಯದ ಸರಣಿಗೆ ಸೇರಿತ್ತು. ನಮ್ಮ ಗ-ಕಾರ ಭಾರತದ ನೆಲದಲ್ಲಿ ಮತ್ತೆ ಹೊಸದಾಗಿ ಹುಟ್ಟಿದ್ದು.

ಅದು ಹುಟ್ಟಿದ್ದು ಹೇಗೆ? ಸ್ಪರ್ಶವ್ಯಂಜನದ ಮುಂದೆ ಅನುನಾಸಿಕ ಬಂದಾಗ ನಡುವೆ ತಲೆದೋರುವ ನಾಸಿಕ್ಯ ಸಂಕ್ರಮಣವನ್ನು ಪ್ರಾತಿಶಾಖ್ಯಗಳು ‘ಯಮ’ ಎಂದು ಗುರುತಿಸಿ ವಿವರಿಸಿವೆ. ಅಂದರೆ ಈ ಬಗೆಯ ಸಂಯೋಗ ಸರಳವಾದುದಲ್ಲ ಎಂಬ ಅರಿವು ವೇದಪಾಠದ ಧ್ವನಿಶಾಸ್ತ್ರಜ್ಞರಿಗೇ ಇತ್ತು. ಇದಕ್ಕೆ ನಮ್ಮ ವಿವರಣೆಯನ್ನು ಹೀಗೆ ಸೇರಿಸಬಹುದು: ಜ-ಕಾರವನ್ನು ಕಿವಿ ಗುರುತಿಸುವುದು ಮುಖ್ಯವಾಗಿ ಅದರ ಬಿಡುಗಡೆಯ ಘರ್ಷಣೆಯಿಂದ. ಮುಂದೆ ಅನುನಾಸಿಕವಿದ್ದಾಗ ಬಾಯಿಯ ಬಿಡುಗಡೆ ನಡೆಯುವುದೇ ಇಲ್ಲ, ಗಾಳಿ ಮೂಗಿನಿಂದ ಹೊರಡುತ್ತದೆ. ಸ್ಥಾನದ ಸುಳಿವು ಕಳೆದುಕೊಂಡ ಆ ಸ್ಪರ್ಶವನ್ನು ಒಂದು ಸಮುದಾಯದ ಕಿವಿ ಕಂಠ್ಯವೆಂದೂ ಇನ್ನೊಂದರ ಕಿವಿ ದಂತ್ಯವೆಂದೂ ಗ್ರಹಿಸಿದರೆ ಆಶ್ಚರ್ಯವಿಲ್ಲ. ಮರಾಠಿಯಲ್ಲಿ ಜ-ಕಾರಕ್ಕೆ ದಂತ್ಯದ ಕಡೆ ವಾಲಿದ ಉಚ್ಚಾರಣೆಯೂ ಇದೆ; ಅಲ್ಲಿ ‘ದ್ನ್ಯ’ ಬಂದಿರುವುದು ಆ ಭಾಷೆಯ ಒಳವ್ಯವಸ್ಥೆಗೆ ಒಪ್ಪುವಂಥದೇ.

ಇದಕ್ಕೂ ಹಳೆಯ ದಾರಿಯೊಂದಿದೆ. ಆ ದಾರಿಯಲ್ಲಿ ಗ-ಕಾರವೂ ಇಲ್ಲ, ದ-ಕಾರವೂ ಇಲ್ಲ. ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನಗಳಲ್ಲಿ ‘ರಾಜ್ಞಃ’ ಎಂಬ ಒಂದೇ ಪದ ಗಿರ್ನಾರ್‌ನಲ್ಲಿ ‘ರಾಞೋ’ ಎಂದೂ ಕಾಲ್ಸಿಯಲ್ಲಿ ‘ಲಾಜಿನೆ’ ಎಂದೂ ಕೆತ್ತಲ್ಪಟ್ಟಿದೆ. ಪಶ್ಚಿಮದಲ್ಲಿ ಸಮೀಕರಣ, ಇನ್ನೊಂದೆಡೆ ಸ್ವರಭಕ್ತಿ. ಒಬ್ಬನೇ ಅರಸ, ಒಂದೇ ಲಿಪಿ. ಆದರೂ ಕೆತ್ತಿದವರು ತಮ್ಮ ತಮ್ಮ ಪ್ರದೇಶದ ನುಡಿಯನ್ನು ಬರೆದರು. ಕರ್ನಾಟಕದ ಮಟ್ಟಿಗೆ ಅತ್ಯಂತ ಮಹತ್ವದ ಸಾಕ್ಷ್ಯ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿಯ ಶಾಸನದಲ್ಲಿದೆ. ಸಂಸ್ಕೃತದ ‘ಆಜ್ಞಾಪಯತಿ’ ಅಲ್ಲಿ ‘ಆಣಪಯತಿ’ ಆಗಿದೆ. ಕನ್ನಡದ ‘ಆಣೆ’ ಹುಟ್ಟಿದ್ದು ಇದೇ ಬಗೆಯ ರೂಪದಿಂದ. ಅದರ ಜೊತೆಗೆ ‘ಸಂಜ್ಞೆ’ ‘ಸನ್ನೆ’ಯಾದುದನ್ನು, ‘ವಿಜ್ಞಾನ’ ‘ಬಿನ್ನಾಣ’ವಾದುದನ್ನು, ‘ವಿಜ್ಞಾಪನೆ’ ‘ಬಿನ್ನಪ’ವಾದುದನ್ನು, ‘ಯಜ್ಞ’ ‘ಜನ್ನ’ವಾದುದನ್ನು ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ: ಪ್ರಾಕೃತದ ಮೂಲಕ ಬಂದ ಪದಗಳಲ್ಲಿ ಕನ್ನಡ ಕೇಳಿಸಿಕೊಂಡದ್ದು ಅನುನಾಸಿಕವನ್ನು ಮಾತ್ರ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತದ್ಭವಗಳಿಗಾಗಿ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟದ್ದು, ಇಂಥ ರೂಪಗಳಿಗೆ ಗ್ರಂಥಭಾಷೆಯಲ್ಲಿ ಎಷ್ಟು ಮನ್ನಣೆಯಿತ್ತೆಂಬುದನ್ನು ತೋರಿಸುತ್ತದೆ.

ವ್ಯಕ್ತಿನಾಮಗಳೂ ಆಗ ಈ ದಾರಿಯಲ್ಲೇ ನಡೆದವು. 10ನೆಯ ಶತಮಾನದ ಮಹಾಕವಿಯ ಹೆಸರು ‘ರತ್ನ’ ಎಂದಲ್ಲ, ‘ರನ್ನ’ ಎಂದು ನಿಂತಿದೆ. ಕೃಷ್ಣ ‘ಕಿಟ್ಟ’ನಾದ, ಲಿಂಗಮ್ಮ ‘ನಿಂಗಮ್ಮ’ಳಾದಳು. ಇವುಗಳನ್ನು ಓದುವಾಗ ಯಾರಿಗೂ ಗೊಂದಲವಿಲ್ಲ, ಏಕೆಂದರೆ ಬಾಯಲ್ಲಿದ್ದುದೇ ಬರಹಕ್ಕೆ ಬಂದಿದೆ. ಇಂದಿನ ನಾಮಕರಣ ಇದಕ್ಕೆ ವಿರುದ್ಧ ದಿಕ್ಕಿನದು. ನಾವು ಮಕ್ಕಳ ಹೆಸರನ್ನು ಹೆಚ್ಚಾಗಿ ನಿಘಂಟಿನಿಂದ, ಸಹಸ್ರನಾಮದಿಂದ, ಹೆಸರುಗಳ ಕೈಪಿಡಿಯಿಂದ ಆರಿಸುತ್ತೇವೆ. ಅಂದರೆ ಕಣ್ಣಿನಿಂದ ಆರಿಸುತ್ತೇವೆ, ಆಮೇಲೆ ಬಾಯಿಗೆ ಒಗ್ಗಿಸುತ್ತೇವೆ. ‘ಪ್ರಜ್ಞಾ’ ಎಂಬ ಹೆಸರಿನ ತೊಡಕೆಲ್ಲ ಈ ತತ್ಸಮದ ಒಲವಿನ ಫಲ. ಪಾಳಿಯ ‘ಪಞ್ಞಾ’ ಎಂಬುದಕ್ಕೆ ಹೊಂದುವ ತದ್ಭವ ರೂಪವೊಂದು ಕನ್ನಡದಲ್ಲಿ ಹೆಸರಾಗಿ ನೆಲೆಗೊಂಡಿದ್ದರೆ ಈ ಲೇಖನದ ಅಗತ್ಯ ಬೀಳುತ್ತಿರಲಿಲ್ಲ.

ಜ್ಯೋತಿಷ್ಯದ ರೂಢಿಯೂ ಇದಕ್ಕೆ ತನ್ನ ಪಾಲನ್ನು ಕೊಟ್ಟಿದೆ. ನಕ್ಷತ್ರಪಾದಗಳಿಗೆ ಹೇಳುವ ಅಕ್ಷರಗಳಲ್ಲಿ ಉತ್ತರಾಭಾದ್ರಾ ನಕ್ಷತ್ರದ ನಾಲ್ಕನೆಯ ಪಾದಕ್ಕೆ ಬರುವುದು ಞ-ಕಾರ. ಆ ಅಕ್ಷರದಿಂದ ಆರಂಭವಾಗುವ ಬಳಕೆಯ ಹೆಸರೇ ನಮ್ಮಲ್ಲಿಲ್ಲ. ಹಾಗಾಗಿ ಹುಡುಕಾಟ ಅದರ ಅತಿ ಹತ್ತಿರದ ಆಶ್ರಯವಾದ ‘ಜ್ಞಾ’ದ ಕಡೆ ಹೊರಳುತ್ತದೆ. ವರ್ಣಮಾಲೆಯಲ್ಲಿ ಮಾತ್ರ ಬದುಕಿರುವ ಅಕ್ಷರವೊಂದು ಮಗುವಿನ ಹೆಸರಿನ ಆಯ್ಕೆಯನ್ನು ನಡೆಸುವ ಈ ಸಂದರ್ಭ ನಮಗಂತೂ ಬಹಳ ಸ್ವಾರಸ್ಯಕರವಾಗಿ ಕಂಡಿದೆ.

ಉತ್ತರದ ಭಾಷೆಗಳಲ್ಲಿ ನಡೆದದ್ದು ಬೇರೆ. ಅವಧಿ ಮತ್ತು ಬ್ರಜ ಕಾವ್ಯಗಳಲ್ಲಿ ‘ಗ್ಯಾನ’ ಎಂದೇ ಬರೆಯುವ ಪರಿಪಾಠವಿತ್ತು. ಗುರುಮುಖಿಯಲ್ಲಿ ಇಂದಿಗೂ ‘ಗಿಆನ’, ‘ಗಿಆನಿ’ ಎಂದು ಬರೆಯುತ್ತಾರೆ. ಆಧುನಿಕ ಹಿಂದಿ ಸಂಸ್ಕೃತದ ಕಾಗುಣಿತವನ್ನು ಮರಳಿ ತಂದಿತು, ಉಚ್ಚಾರಣೆಯನ್ನು ಮರಳಿ ತರಲಿಲ್ಲ. ಬಂಗಾಳಿಯಲ್ಲಿ ‘ವಿಜ್ಞಾನ’ ಎಂಬ ಬರಹವನ್ನು ಹೆಚ್ಚುಕಡಿಮೆ ‘ಬಿಗ್ಗ್ಯಾನ್’ ಎಂದು ಓದುತ್ತಾರೆ. ಗುಜರಾತಿ, ತೆಲುಗುಗಳು ಕನ್ನಡದಂತೆ ಗ್ನ-ಕಾರದ ಕಡೆ ನಿಂತಿವೆ. ಮಲಯಾಳದ ಉಚ್ಚಾರಣೆ ಞ್ಞ-ಕಾರದ್ದು. ತಮಿಳು ಬರಹ ‘ಞಾನಂ’ ಎಂದು ಸ್ಪರ್ಶವನ್ನೇ ಕೈಬಿಟ್ಟಿತು. ಆದರೂ ತಮಿಳರು ಅದನ್ನು ರೋಮನ್ ಲಿಪಿಯಲ್ಲಿ ಜಿ-ಎನ್ ಎಂದು ಬರೆಯುವ ವಾಡಿಕೆಯಿದೆ. ತಮಿಳರ ಜಿ-ಎನ್ ಞ-ಕಾರ, ಕನ್ನಡಿಗರ ಜಿ-ಎನ್ ಗ್ನ-ಕಾರ. ರೋಮನ್ ಬರಹ ಒಂದೇ ಆದರೂ ಹಿಂದಿರುವ ಧ್ವನಿ ಒಂದೇ ಅಲ್ಲ. ಕರ್ನಾಟಕದೊಳಗೂ ಏಕರೂಪವಿಲ್ಲ: ಹಳ್ಳಿಯ ಮಾತಿನಲ್ಲಿ ‘ಗ್ಯಾನ’ ಕೇಳಿಬರುತ್ತದೆ, ಬೆಳಗಾವಿಯ ಮರಾಠಿ ಮನೆಗಳಲ್ಲಿ ಇದೇ ಹೆಸರು ‘ಪ್ರದ್ನ್ಯಾ’.

ಇಷ್ಟೆಲ್ಲ ಆದಮೇಲೆ ರೋಮನ್ ಲಿಪಿ ರಂಗಕ್ಕೆ ಬಂದಿತು. ವಿಲಿಯಂ ಜೋನ್ಸ್ 1788ರಲ್ಲಿ ‘ಏಷಿಯಾಟಿಕ್ ರಿಸರ್ಚಸ್’ನ ಮೊದಲ ಸಂಪುಟದಲ್ಲಿ ಏಷ್ಯಾದ ಪದಗಳ ರೋಮನ್ ಬರಹವನ್ನು ಕುರಿತು ಪ್ರಬಂಧ ಪ್ರಕಟಿಸಿದನು, ಸ್ವರಗಳಿಗೆ ಇಟಾಲಿಯನ್ ಮಾದರಿ, ವ್ಯಂಜನಗಳಿಗೆ ಇಂಗ್ಲಿಷ್ ಮಾದರಿ ಎಂಬ ಸಂಪ್ರದಾಯ ಅಲ್ಲಿಂದ ಬೆಳೆಯಿತು. ಡಬ್ಲ್ಯು. ಡಬ್ಲ್ಯು. ಹಂಟರನ 1871ರ ಕೈಪಿಡಿ ಆಡಳಿತದ ಬಳಕೆಗೆ ದಾರಿ ಹಾಕಿತು. 1894ರ ಜಿನೀವಾ ಪ್ರಾಚ್ಯವಿದ್ಯಾ ಸಮ್ಮೇಳನದ ಪದ್ಧತಿ ವಿದ್ವಾಂಸರಿಗೆ ಜೆ-ಅಕ್ಷರದ ಮುಂದೆ ಮೇಲುಗೆರೆಯುಳ್ಳ ಎನ್-ಅಕ್ಷರವನ್ನು ಸ್ಥಿರಪಡಿಸಿತು. ಕಿಟೆಲ್ಲರ ನಿಘಂಟು ಮಂಗಳೂರಿನಲ್ಲಿ ಹೊರಬಂದದ್ದೂ ಅದೇ ವರ್ಷ. ಈ ಪದ್ಧತಿಗಳ ಗುರಿ ಅಕ್ಷರಕ್ಕೆ ಅಕ್ಷರವೇ ಹೊರತು ಧ್ವನಿಗೆ ಅಕ್ಷರವಲ್ಲ. ಅವು ಬರಹವನ್ನು ನಿಷ್ಠೆಯಿಂದ ಲಿಪ್ಯಂತರಿಸಿದವು, ಬರಹ ಉಚ್ಚಾರಣೆಯಿಂದ ಎಂದೋ ಅಗಲಿತ್ತು. ಜೆ-ಎನ್ ಎಂಬ ಜೋಡಿ ಆ ಅಗಲಿಕೆಯನ್ನು ಓದುಗನ ಮುಂದಿಟ್ಟಿತು. ನಮ್ಮ ಸಂಸ್ಥೆಗಳ ಹೆಸರುಗಳಲ್ಲಿ ಈ ಸ್ಥಿತಿ ಚೆನ್ನಾಗಿ ಕಾಣುತ್ತದೆ. ಜ್ಞಾನಪೀಠ ಪ್ರಶಸ್ತಿಯ ರೋಮನ್ ರೂಪದಲ್ಲಿ ಆರಂಭಕ್ಕೆ ಸಂಸ್ಕೃತದ ಜೆ-ಎನ್ ಇದೆ, ನಡುವೆ ಹಿಂದಿಯಂತೆ ಅ-ಕಾರಲೋಪವಿದೆ. ಬರೆದಂತೆ ಅದನ್ನು ಓದುವವರು ಕನ್ನಡದಲ್ಲೂ ಇಲ್ಲ, ಹಿಂದಿಯಲ್ಲೂ ಇಲ್ಲ. ಬೆಂಗಳೂರಿನ ‘ಜ್ಞಾನಭಾರತಿ’ಯ ಆರಂಭದಲ್ಲಿ ಜೆ-ಎನ್ ಇದೆ, ಕೊನೆಯಲ್ಲಿ ದಂತ್ಯ ತ-ಕಾರಕ್ಕೆ ದಕ್ಷಿಣದ ರೂಢಿಯಂತೆ ಟಿ-ಎಚ್ ಇದೆ. ಒಂದೇ ಫಲಕದಲ್ಲಿ ಎರಡು ಸಂಪ್ರದಾಯ.

ಹೆಸರಿನ ಕೊನೆಯ ಸ್ವರದ ಬಗ್ಗೆ ಒಂದು ಮಾತು. ಸಾಮಾನ್ಯ ನಾಮವಾಗಿ ಕನ್ನಡದಲ್ಲಿ ಈ ಪದ ‘ಪ್ರಜ್ಞೆ’. ವ್ಯಕ್ತಿನಾಮವಾದಾಗ ಮಾತ್ರ ಸಂಸ್ಕೃತದ ದೀರ್ಘ ಉಳಿಯುತ್ತದೆ, ಮಾತಿನಲ್ಲಿ ಅದೂ ಹ್ರಸ್ವವಾಗಿ ‘ಪ್ರಜ್ಞ’ ಎಂದು ಕೇಳಿಸುತ್ತದೆ. ರೋಮನ್ನಿನ ಒಂದೇ ಎ-ಅಕ್ಷರ ಹ್ರಸ್ವ ದೀರ್ಘಗಳ ಈ ವ್ಯತ್ಯಾಸವನ್ನು ನುಂಗುತ್ತದೆ. ಕೃಷ್ಣ, ಕೃಷ್ಣಾ ಎಂಬಲ್ಲಿ ಪುರುಷ ಸ್ತ್ರೀ ಭೇದವೇ ಇದರಿಂದ ಅಳಿಸಿಹೋಗುವುದನ್ನು ನೆನೆದರೆ ಸಾಕು.

ಈ ಚರಿತ್ರೆ ಗ್ರಂಥಾಲಯದಲ್ಲೇ ಉಳಿಯುವಂಥದಲ್ಲ. ಜನನ ಮತ್ತು ಮರಣ ನೋಂದಣಿ ಅಧಿನಿಯಮ, 1969ರ 14ನೆಯ ಪ್ರಕರಣದಂತೆ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಿ ಹೆಸರನ್ನು ಆಮೇಲೆ ಸೇರಿಸಬಹುದು. ಹಿಂದೆ ಶಾಲೆಯಲ್ಲಿ ಒಂದು ಕಾಗುಣಿತ, ಪಡಿತರ ಚೀಟಿಯಲ್ಲಿ ಇನ್ನೊಂದು ಎಂದು ಬದುಕು ಸಾಗುತ್ತಿತ್ತು. 2023ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ, ಅನಂತರ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಪಾಸ್‌ಪೋರ್ಟಿನವರೆಗೆ ಜನ್ಮದಿನ, ಜನ್ಮಸ್ಥಳಗಳ ಆಧಾರ ಜನನ ಪ್ರಮಾಣಪತ್ರವೇ. ಅದರಲ್ಲಿ ಬರೆದ ಹೆಸರಿನ ರೂಪ ಉಳಿದ ದಾಖಲೆಗಳೆಲ್ಲವನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಯಂತ್ರ ಓದುವ ಪಾಸ್‌ಪೋರ್ಟ್ ಸಾಲುಗಳಲ್ಲಿ ಎ-ಯಿಂದ ಝಡ್‌ವರೆಗಿನ ಅಕ್ಷರಗಳಿಗೆ ಮಾತ್ರ ಅವಕಾಶವಿರುವುದರಿಂದ 1894ರ ವಿದ್ವತ್ ಪರಿಹಾರ ಅಲ್ಲಿ ನಡೆಯದು. ತಂದೆತಾಯಿಗಳು ಜೆ-ಎನ್, ಜಿ-ಎನ್‌ಗಳಲ್ಲಿ ಒಂದನ್ನು ಆರಿಸಲೇಬೇಕು: ಮೊದಲನೆಯದು ಬರಹಕ್ಕೆ ನಿಷ್ಠ, ಎರಡನೆಯದು ಮಾತಿಗೆ ನಿಷ್ಠ. ಎರಡರಲ್ಲಿ ಯಾವುದನ್ನು ‘ತಪ್ಪು’ ಎನ್ನಲೂ ಭಾಷಾವಿಜ್ಞಾನದಲ್ಲಿ ಆಧಾರವಿಲ್ಲ. ನಮ್ಮನ್ನು ಕೇಳಿದರೆ, ಮಗುವನ್ನು ದಿನವೂ ಕರೆಯುವ ಧ್ವನಿಗೆ ಹತ್ತಿರವಿರುವ ಜಿ-ಎನ್ ಕಡೆಗೇ ನಮ್ಮ ಒಲವು.

ಹೆಸರುಗಳ ಪಟ್ಟಿಗಳನ್ನು ದತ್ತಾಂಶವಾಗಿ ಬಳಸುವ ಸಂಶೋಧಕರಿಗೆ ಇದರಿಂದ ನೇರವಾದ ಕೆಲಸವೊಂದು ಒದಗುತ್ತದೆ. ರೋಮನ್ ಲಿಪಿಯ ಪಟ್ಟಿಗಳನ್ನು ಗಣಕದಲ್ಲಿ ಸಂಸ್ಕರಿಸುವಾಗ ಜೆ-ಎನ್, ಜಿ-ಎನ್, ಜಿ-ವೈ, ಡಿ-ಎನ್-ವೈ ರೂಪಗಳನ್ನು ಕಾಗುಣಿತದ ದೋಷಗಳೆಂದು ಬಗೆದು ಒಂದೇ ರೂಪಕ್ಕೆ ಇಳಿಸುವುದು ಸುಲಭ. ಹಾಗೆ ಮಾಡಿದರೆ, ಯಾವ ಊರಿನಲ್ಲಿ ಯಾವ ಮನೆಮಾತಿನವರು ಈ ಒತ್ತಕ್ಷರವನ್ನು ಹೇಗೆ ನುಡಿಯುತ್ತಿದ್ದರೆಂಬ ಮಾಹಿತಿಯೂ ಜೊತೆಯಲ್ಲೇ ಅಳಿಯುತ್ತದೆ. ಕನ್ನಡ ಲಿಪಿಯ ಪಟ್ಟಿಯಿಂದ ಅದನ್ನು ಮರಳಿ ಪಡೆಯಲಾಗದು. ಅಲ್ಲಿ ಎಲ್ಲರ ಹೆಸರೂ ಒಂದೇ ರೀತಿ ‘ಪ್ರಜ್ಞಾ’ ಎಂದಿರುತ್ತದೆ.